ಹನ್ನೊಂದನೆಯ ಶಿಲ್ಪ

ಬಳ್ಳಾರಿ ಕಂಟೋನ್ಮೆಂಟಿನ ಅನಂತಾಚಾರ್ಯರು ಕಲಾವಿಮರ್ಶಕರಾದದ್ದು ಐವತ್ತಮೂರನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಸಂಜೆ ಐದೂವರೆಗೆ. ಐದು ಗಂಟೆಯವರೆಗೂ ಅವರು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದ ಗುಮಾಸ್ತರಷ್ಟೇ ಆಗಿದ್ದರು.

ಅವತ್ತು ಅವರು 'ಹಗರಿ ಸಂಜೆ' ಪತ್ರಿಕೆಯ ಕಚೇರಿಗೆ ಹೋದದ್ದು ಜಗಳಕ್ಕೆ. ಪತ್ರಿಕೆಯವರು ಏಕಾದಶಿಯನ್ನು ದಶಮಿ ಎಂದು ಅಚ್ಚು ಹಾಕಿದ್ದರು. ಅದನ್ನು ನಂಬಿ ಹೆಂಡತಿ ಪದ್ಮಾಬಾಯಿ ಅನ್ನಕ್ಕಿಟ್ಟು, ಆಚಾರ್ಯರು ಉಂಡು, ತೇಗಿ, ಆಮೇಲೆ ಪಕ್ಕದ ಮನೆಯವರ ಉಪವಾಸದಿಂದ ಸತ್ಯ ತಿಳಿದಿತ್ತು. ಆಚಾರ್ಯರು ನಾಲ್ಕು ಪುಟದ ದೂರು ಬರೆದಿದ್ದರು. ಅದಕ್ಕೆ ಪೀಠಿಕೆ ಇತ್ತು, ಉಪಶೀರ್ಷಿಕೆಗಳಿದ್ದವು, ಕೊನೆಯಲ್ಲಿ ಉಪಸಂಹಾರವೂ ಇತ್ತು. ಸಂಪಾದಕ ಗವಿಸಿದ್ದೇಶ್ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಆಚಾರ್ರೇ, ಎಷ್ಟು ಚೆಂದ ಬೈದೀರಿ. ಒಂದು ಕಾಗುಣಿತ ತಪ್ಪಿಲ್ಲ. ನಮ್ಮ ಕಲಾ ಪುಟ ಬರೆಯೋರು ಹುಬ್ಬಳ್ಳಿಗೆ ಹೋಗಿ ಮೂರು ತಿಂಗಳಾತು. ನೀವು ಬರೀರಲ್ಲ."

"ನನಗ ಕಲಾ ಗೊತ್ತಿಲ್ಲಲ್ರೀ."

"ಓದೋರಿಗೂ ಗೊತ್ತಿಲ್ರಿ. ಏನೂ ತೊಂದ್ರಿ ಇಲ್ಲ."

ಇಷ್ಟು ಗಟ್ಟಿಯಾದ ತರ್ಕದ ಮುಂದೆ ಯಾರೂ ನಿಲ್ಲುವ ಹಾಗಿರಲಿಲ್ಲ. ಆಚಾರ್ಯರು ಒಪ್ಪಿಕೊಂಡರು.

ಮೂರು ಭಾನುವಾರ ಅವರ ಲೇಖನ ಬಂದದ್ದೇ ಬೀದಿಯ ನಡವಳಿಕೆ ಬದಲಾಯಿತು. ಎದುರು ಮನೆಯವರು ಹೊಸ ಗೇಟು ಹಾಕಿಸುವ ಮುನ್ನ ವಿನ್ಯಾಸ ತಂದು ತೋರಿಸಿದರು. ಮೂಲೆಮನೆಯ ಹೆಂಗಸು ರಂಗೋಲಿ ಹಾಕಿ, ಆಚಾರ್ಯರು ಕಚೇರಿಗೆ ಹೊರಡುವವರೆಗೆ ಯಾರೂ ತುಳಿಯದಂತೆ ಕಾವಲು ನಿಂತಳು. ಆಚಾರ್ಯರು ಎಲ್ಲವನ್ನೂ ತಲೆ ಓರೆ ಮಾಡಿ ನೋಡಿ, "ಲಯ ಅದ" ಎನ್ನುತ್ತಿದ್ದರು. ಲಯದಂಥ ಮಾತುಗಳಿಗಾಗಿ ಅವರು ಒಂದು ನೋಟುಬುಕ್ಕನ್ನೇ ಇಟ್ಟಿದ್ದರು. ಅನುಸಂಧಾನ, ಅಮೂರ್ತ, ನಿರ್ವಾತ, ಆಯಾಮ. ಯಾವ ಪದಕ್ಕೆ ಬಹಳ ದಿನದಿಂದ ಅವಕಾಶ ಸಿಕ್ಕಿಲ್ಲವೋ ಅದಕ್ಕೆ ಮುಂದಿನ ಲೇಖನದಲ್ಲಿ ಮೊದಲ ಜಾಗ. ಸೇವಾ ಜ್ಯೇಷ್ಠತೆಯ ನಿಯಮವನ್ನು ಅವರು ಸಾಹಿತ್ಯದಲ್ಲೂ ಮೀರಿದವರಲ್ಲ.

ಹೀಗಿರುವಾಗ ಏಪ್ರಿಲ್ ಕೊನೆಯ ವಾರ ಕುರುಗೋಡಿನ ಶಿಲ್ಪಿ ಜಂಬುನಾಥನ ಪ್ರದರ್ಶನ ಬಂತು. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಜಾರದಲ್ಲಿ ಹನ್ನೊಂದು ಕಲ್ಲಿನ ಕೃತಿಗಳು. ಜಂಬುನಾಥನಿಗೆ ಮೂವತ್ತಾರು ವರ್ಷ. ತಾಯಿ ಕುರುಗೋಡಿನ ಗುಡ್ಡದ ಕ್ವಾರಿಯಲ್ಲಿ ಜಲ್ಲಿ ಒಡೆದು ಓದಿಸಿದ ಮಗ. ಕಲಾಶಾಲೆಗೆ ಹೋಗಿ ಕಲಿತು ಬಂದು, ಊರಿನ ಕಲ್ಲಿನಲ್ಲೇ ಕೆಲಸ ಮಾಡುತ್ತಿದ್ದ. ಅವನ ಮೊದಲ ದೊಡ್ಡ ಪ್ರದರ್ಶನ ಇದು. ಈ ವಿಷಯಗಳೆಲ್ಲ ಆಮಂತ್ರಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದವು. ಆಚಾರ್ಯರು ಮುಂಬದಿಯನ್ನು ಮಾತ್ರ ಓದಿದರು.

ಅವರು ಹೋದದ್ದು ಮಧ್ಯಾಹ್ನ ಒಂದೂವರೆಗೆ, ಕಚೇರಿಯ ಊಟದ ಬಿಡುವಿನಲ್ಲಿ. ಬಳ್ಳಾರಿಯ ಏಪ್ರಿಲ್ ಬಿಸಿಲು, ಕರೆಂಟು ಹೋಗಿತ್ತು. ಕಾವಲಿನವನು ಬಾಗಿಲಲ್ಲೇ ನಿದ್ದೆಹೋಗಿದ್ದ. ಶಿಲ್ಪಿ ಊಟಕ್ಕೆ ಹೋಗಿದ್ದ. ಒಳಗೆ ಎಮ್ಮೆಯ ಬೆನ್ನಿನಂಥ ಒಂದು ಕಲ್ಲು, ಹಗ್ಗ ಉಜ್ಜಿ ಸವೆದ ಗೆರೆಗಳ ಒಂದು ಬಾವಿಕಟ್ಟೆ, ಬಾಯಿ ಹೊಲಿಯಬೇಕು ಎನಿಸುವಷ್ಟು ನಿಜವಾದ ಕಲ್ಲಿನ ಭತ್ತದ ಚೀಲ. ಆಚಾರ್ಯರು ಎಲ್ಲವನ್ನೂ ಎಣಿಸಿದರು. ಹತ್ತಾಯಿತು. ಪಟ್ಟಿಯಲ್ಲಿ ಹನ್ನೊಂದಿತ್ತು. ಮತ್ತೆ ಸುತ್ತಿದರು, ಮತ್ತೆ ಹತ್ತು. ಟಪಾಲು ವಿಭಾಗದಲ್ಲಿ ಇಷ್ಟು ವರ್ಷ ಕಳೆದವರಿಗೆ ಒಂದು ಕಾಗದ ಕಡಿಮೆಯಾದರೆ ಅದು ಎಲ್ಲೋ ಇರಬಹುದು ಎನಿಸುವುದಿಲ್ಲ, ಕಳುಹಿಸಿಯೇ ಇಲ್ಲ ಎನಿಸುತ್ತದೆ.

ಮೂರನೆಯ ಸುತ್ತಿಗೆ ಮೊಣಕಾಲು ನೋಯತೊಡಗಿತು. ಹಜಾರದ ನಡುವೆ ಸಂಘಟಕರು ಕಲ್ಲಿನ ಬೆಂಚೊಂದನ್ನು ಇರಿಸಿದ್ದರು. ಆಚಾರ್ಯರು ಚೀಲವನ್ನು ಅದರ ಒಂದು ತುದಿಗಿಟ್ಟು ಕೂತರು. ಬೆಂಚಿನಲ್ಲಿ ಕೂರಲು ಹೇಳಿ ಮಾಡಿಸಿದಂಥ ತಗ್ಗಿತ್ತು. ಪಕ್ಕದಲ್ಲೊಂದು ಸಣ್ಣ ಗುಂಡಿಯೂ ಇತ್ತು. ದಾರಿಯಲ್ಲಿ ಹೆಂಡತಿಗೆ ಗೊತ್ತಾಗದಂತೆ ಕಟ್ಟಿಸಿಕೊಂಡಿದ್ದ ಮಂಡಕ್ಕಿ ಉಗ್ಗಾಣಿ, ಮಿರ್ಚಿ ಬಜ್ಜಿಯ ಪೊಟ್ಟಣವನ್ನು ಆ ಗುಂಡಿಯಲ್ಲಿಟ್ಟು, ಬಿಚ್ಚಿ, ನಾಲ್ಕು ಮಿರ್ಚಿ ತಿಂದರು. ಕೈ ಒರೆಸಿಕೊಂಡು ನೋಟುಬುಕ್ಕು ತೆಗೆದರು.

ಭಾನುವಾರ ಲೇಖನ ಬಂತು. ಮೊದಲ ಮೂರು ಪ್ಯಾರಾಗಳಲ್ಲಿ ಅನುಸಂಧಾನ, ಅಮೂರ್ತ ಮತ್ತು ನಿರ್ವಾತ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಊರನ್ನು ಕಲಕಿದ್ದು ಕೊನೆಯ ಪ್ಯಾರಾ.

"ಪಟ್ಟಿಯಲ್ಲಿ ಹನ್ನೊಂದನೆಯ ಕೃತಿಯೆಂದು 'ಅವ್ವ' ಎಂಬ ಹೆಸರಿದೆ. ಹಜಾರವನ್ನು ಮೂರು ಬಾರಿ ಸುತ್ತಿದರೂ ಈ ಲೇಖಕನಿಗೆ ಅವ್ವನ ದರ್ಶನವಾಗಲಿಲ್ಲ. ಕೆತ್ತದ ಕೃತಿಯ ಹೆಸರು ಅಚ್ಚು ಹಾಕಿಸುವುದು ಯಾವ ಕಲಾಧರ್ಮ? ಪ್ರೇಕ್ಷಕರ ಅನುಕೂಲಕ್ಕೆ ಇರಿಸಿರುವ ಕಲ್ಲಿನ ಬೆಂಚು ಮಾತ್ರ ಪ್ರಶಂಸಾರ್ಹ. ತಿಂಡಿಯ ಪೊಟ್ಟಣ ಇಟ್ಟುಕೊಳ್ಳಲು ಪಕ್ಕದಲ್ಲೇ ಗುಂಡಿ ಮಾಡಿಸಿರುವುದು ಸಂಘಟಕರ ದೂರದೃಷ್ಟಿಗೆ ಸಾಕ್ಷಿ."

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ದೊಡ್ಡಬಸವರಾಜ ಈ ಪ್ಯಾರಾವನ್ನು ಎರಡು ಸಲ ಓದಿಸಿ ಕೇಳಿದ. ಅವನ ತಾಯಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಗಿರಣಿಯ ಮುಂದೆ ಅವಳ ಹೆಸರಲ್ಲಿ ಸಣ್ಣ ತೋಟ ಮಾಡಿಸಿ, ನಡುವೆ ಒಂದು ಶಿಲ್ಪ ನಿಲ್ಲಿಸಬೇಕೆಂದಿದ್ದ. ಆಮಂತ್ರಣದಲ್ಲಿ 'ಅವ್ವ' ಎಂಬ ಹೆಸರು ಕಂಡದ್ದೇ ಜಂಬುನಾಥನಿಗೆ ಫೋನು ಮಾಡಿ, "ಅದು ನಮಗ ಇರಲಿ" ಎಂದು ಹೇಳಿಯೂ ಆಗಿತ್ತು. ಶಿಲ್ಪ ಹೇಗಿದೆ ಎಂದು ಅವನು ಕೇಳಿರಲಿಲ್ಲ. ಅವ್ವ ಹೇಗಿರುತ್ತಾಳೆಂದು ಯಾರನ್ನಾದರೂ ಕೇಳುತ್ತಾರೆಯೇ.

ಸೋಮವಾರ ಬೆಳಿಗ್ಗೆ ಅವನ ಜೀಪು ಆಚಾರ್ಯರ ಮನೆ ಮುಂದೆ ನಿಂತಿತು.

"ನೀವೇ ಏನ್ರಿ ಬರದೋರು? ನಡೀರಿ ಸ್ಟೇಷನ್ನಿಗೆ."

ಪದ್ಮಾಬಾಯಿ ಒಳಗಿನಿಂದ ಓಡಿ ಬಂದರು. "ಏನ್ ಮಾಡ್ಯಾರ್ರೀ ನಮ್ಮವರು?"

"ಅವರೇನೂ ಮಾಡಿಲ್ಲ ತಾಯಿ. ನಮ್ಮ ಅವ್ವ ಕಾಣಿಯಾಗ್ಯಾಳ. ಮೊದಲು ಕಂಡುಹಿಡಿದೋರು ಇವರು. ಸಾಕ್ಷಿ ಬೇಕು."

ತಮ್ಮ ಬರಹಕ್ಕೆ ಪೊಲೀಸ್ ಠಾಣೆಯವರೆಗೆ ಹೋಗುವ ಶಕ್ತಿ ಇದೆಯೆಂದು ಆಚಾರ್ಯರು ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಚೇರಿಗೆ ಅರ್ಧ ದಿನದ ರಜೆ ಬರೆದು, ಜೀಪಿನ ಮುಂದಿನ ಸೀಟಿನಲ್ಲಿ ಕೂತರು.

ಠಾಣೆಯಲ್ಲಿ ಹೊನ್ನೂರಸ್ವಾಮಿ ಎಂಬ ಕಾನ್‌ಸ್ಟೇಬಲ್ ಒಬ್ಬನೇ ಇದ್ದ. ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೊಟ್ಟು ಕಾಗದ ತೆಗೆದ.

"ಯಾರು ಕಾಣಿಯಾಗ್ಯಾರ್ರಿ?"

"ಅವ್ವ," ಎಂದ ದೊಡ್ಡಬಸವರಾಜ.

"ಅಯ್ಯೋ ಪಾಪ. ವಯಸ್ಸು?"

ದೊಡ್ಡಬಸವರಾಜ ಆಚಾರ್ಯರ ಕಡೆ ನೋಡಿದ. ಆಚಾರ್ಯರು ಪಟ್ಟಿ ಬಿಚ್ಚಿ ನೋಡಿದರು. ಕೆತ್ತಲು ಹಿಡಿದ ಕಾಲ ಅದರಲ್ಲಿತ್ತು. "ಎರಡು ವರ್ಷ."

"ಅವ್ವಗ ಎರಡು ವರ್ಷ ಏನ್ರಿ?" ಹೊನ್ನೂರಸ್ವಾಮಿ, ಯಾರ ಮನೆಯಲ್ಲಿ ಏನು ವ್ಯವಹಾರವೋ ಎಂದುಕೊಂಡು ಹಾಗೇ ಬರೆದುಕೊಂಡ. "ಎತ್ತರ?"

"ಒಂದೂವರೆ ಅಡಿ. ಉದ್ದ ಐದಡಿ," ಎಂದು ಆಚಾರ್ಯರು ಓದಿದರು.

"ಮಲಗಿಸಿ ಅಳದೀರಿ. ಆತು. ಮೈಬಣ್ಣ?"

"ಬೂದು."

"ಉಟ್ಟಿದ್ದು?"

"ಏನೂ ಬರದಿಲ್ಲ."

ಹೊನ್ನೂರಸ್ವಾಮಿಯ ಮುಖ ಗಂಭೀರವಾಯಿತು. "ತೂಕ ಏನಾರ ಗೊತ್ತೇನ್ರಿ?"

"ಒಂದು ಟನ್ನಿನ ಮ್ಯಾಲೆ."

ಪೆನ್ನು ನಿಂತಿತು. "ಏಂಟಿ ಸಾಮಿ ಇದಿ," ಇದೇನು ಸ್ವಾಮಿ ಎಂದು ಹೊನ್ನೂರಸ್ವಾಮಿ ತನ್ನಷ್ಟಕ್ಕೆ ತೆಲುಗಿನಲ್ಲಿ ಹೇಳಿಕೊಂಡ.

ಕಳೆದದ್ದು ಕಲ್ಲು ಎಂದು ಅವನಿಗೆ ತಿಳಿಯಲು ಇನ್ನೂ ಕಾಲು ಗಂಟೆ ಹಿಡಿಯಿತು. ಐದಡಿ ಉದ್ದ, ಒಂದೂವರೆ ಅಡಿ ಎತ್ತರದ ಬೂದುಕಲ್ಲನ್ನು ತಾವು ಎಲ್ಲೋ ನೋಡಿರಬಹುದು ಎಂದು ಆಚಾರ್ಯರಿಗೆ ಆ ಕಾಲು ಗಂಟೆಯಲ್ಲೂ ಹೊಳೆಯಲಿಲ್ಲ. ಅಳತೆಯನ್ನು ಗಟ್ಟಿಯಾಗಿ ಓದಿದವರೇ ಅವರು. ಓದುವುದು ಬೇರೆ, ನೋಡುವುದು ಬೇರೆ ಎಂದು ಯಾವ ಕಚೇರಿಯೂ ಅವರಿಗೆ ಕಲಿಸಿರಲಿಲ್ಲ.

ಮೂವರೂ ಬಂಗಲೆಗೆ ಹೋದರು. ಭಾನುವಾರದ ಪತ್ರಿಕೆಯ ಪುಣ್ಯದಿಂದ ಹಜಾರದಲ್ಲಿ ಮೂವತ್ತು ನಲವತ್ತು ಜನ ಇದ್ದರು, ಎಲ್ಲರೂ ಇಲ್ಲದ ಶಿಲ್ಪವನ್ನು ನೋಡಲು ಬಂದವರು. ಹೊನ್ನೂರಸ್ವಾಮಿ ಎಣಿಸಿದ, ದೊಡ್ಡಬಸವರಾಜ ಎಣಿಸಿದ. ಇಬ್ಬರಿಗೂ ಹತ್ತೇ ಸಿಕ್ಕಿತು. ಸಾಕ್ಷಿ ಹೇಳಲು ಬಂದ ಆಚಾರ್ಯರು ಒಳಗೆ ಕಾಲಿಟ್ಟಾಗಲೇ ಚೀಲವನ್ನು ಬೆಂಚಿನ ತುದಿಗಿಟ್ಟು ಕೂತುಬಿಟ್ಟಿದ್ದರು. ಅಷ್ಟರಲ್ಲಿ ಜಂಬುನಾಥ ಬಂದ. ತೆಳ್ಳಗಿನ ಆಳು, ಉಗುರಿನ ಸಂದಿಯಲ್ಲಿ ಬಿಳಿ ಪುಡಿ.

"ಏನಪ್ಪಾ, ಅವ್ವ ಎಲ್ಲೈತಿ?" ಎಂದು ಹೊನ್ನೂರಸ್ವಾಮಿ ಕೇಳಿದ.

ಜಂಬುನಾಥ ಆಚಾರ್ಯರನ್ನು ನೋಡಿದ. "ಸರ್, ಒಂದು ನಿಮಿಷ ಏಳ್ತೀರೇನ್ರಿ?"

"ಯಾಕಪ್ಪಾ?"

"ನೀವು ಅದರ ಮ್ಯಾಲೇ ಕುಂತೀರಿ."

ಆಚಾರ್ಯರು ಎದ್ದರು. ಜಂಬುನಾಥ ಬಾಗಿ ಅವರ ಚೀಲವನ್ನು ಎರಡು ಕೈಯಿಂದ ಎತ್ತಿ ಅವರಿಗೇ ಕೊಟ್ಟ. ಚೀಲದ ಕೆಳಗೆ ಅಂಗೈಯಗಲದ ತಗಡಿನಲ್ಲಿ ಬರೆದಿತ್ತು: ೧೧. ಅವ್ವ.

ಮೊದಲು ನಕ್ಕವನು ಹೊನ್ನೂರಸ್ವಾಮಿ. ಠಾಣೆಯಲ್ಲಿ ತಡೆದಿಟ್ಟುಕೊಂಡದ್ದೂ ಸೇರಿ ಅವನ ನಗು ಹೊರಗೆ ಬಂತು. ಆಮೇಲೆ ಹಜಾರವೇ ನಕ್ಕಿತು. ನಗದೇ ಉಳಿದವರು ಮೂವರು: ಆಚಾರ್ಯರು, ಜಂಬುನಾಥ, ದೊಡ್ಡಬಸವರಾಜ.

"ಇದು ಅವ್ವನಾ? ಮುಖ ಎಲ್ಲೈತಿ?" ಎಂದ ದೊಡ್ಡಬಸವರಾಜ.

"ಮುಖ ಇಲ್ರಿ. ನಮ್ಮವ್ವ ಮೂವತ್ತು ವರ್ಷ ಒಂದೇ ಕಲ್ಲಿನ ಮ್ಯಾಲೆ ಕುಂತು ಜಲ್ಲಿ ಒಡದ್ಳು. ಅಕಿ ಎದ್ದು ಹೋದಮ್ಯಾಲೆ ಆ ಕಲ್ಲು ಹೆಂಗಿರ್ತೈತಿ, ಹಂಗ ಕಡದೀನಿ."

ದೊಡ್ಡಬಸವರಾಜ ಕಲ್ಲಿನ ಸುತ್ತ ಒಂದು ಸುತ್ತು ಬಂದ. ಅವನು ಕೆಟ್ಟವನಲ್ಲ, ಗೊಂದಲದಲ್ಲಿದ್ದ. ಇನ್ನೊಂದು ಮಾತು ಯಾರಾದರೂ ಸರಿಯಾಗಿ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದನೋ ಏನೋ. ಅವನು ಆಚಾರ್ಯರ ಕಡೆ ತಿರುಗಿದ.

"ಸಾರ್, ನೀವು ಓದಿದೋರು, ಪೇಪರ್ನಾಗ ಬರೆಯೋರು. ನೀವೇ ಹೇಳ್ರಿ. ಇದು ಶಿಲ್ಪಾನೋ, ಬೆಂಚೋ?"

ತಪ್ಪಾಯಿತು, ನಾನು ನೋಡಲಿಲ್ಲ ಎಂದು ಆಚಾರ್ಯರು ಅಲ್ಲಿ ಅಂದಿದ್ದರೆ ಎಲ್ಲರೂ ಇನ್ನೊಮ್ಮೆ ನಕ್ಕು, ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಆದರೆ ಎದುರು ಮನೆಯವರು ಆ ಗುಂಪಿನಲ್ಲಿದ್ದರು. ರಂಗೋಲಿಯ ಹೆಂಗಸೂ ಇದ್ದಳು. ಆಚಾರ್ಯರು ಚೀಲವನ್ನು ಎದೆಗೆ ಹಿಡಿದುಕೊಂಡು ತಲೆ ಓರೆ ಮಾಡಿದರು.

"ಕೂಡ್ಲಿಕ್ಕೆ ಬರತದ ಅಂದ್ರ," ಎಂದರು, "ಅದು ಬೆಂಚು."

ಜಂಬುನಾಥ ಜೇಬಿನಿಂದ ಬಟ್ಟೆ ತೆಗೆದು ಆ ಸಣ್ಣ ಗುಂಡಿಯನ್ನು ಒರೆಸತೊಡಗಿದ.

ಮುಂದಿನ ಭಾನುವಾರ 'ಶಿಲ್ಪವೋ, ಆಸನವೋ?' ಎಂಬ ಲೇಖನ ಇಡೀ ಪುಟಕ್ಕೆ ಬಂತು. ಆಚಾರ್ಯರು ಗೆದ್ದರು. ಇದು ಅವರ ಜೀವನದ ಮೊದಲ ಗೆಲುವು, ಆದ್ದರಿಂದ ಅದನ್ನು ಹೇಗೆ ಹಿಡಿದುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಎರಡು ಕೈಯಿಂದಲೂ ಹಿಡಿದುಕೊಂಡರು. ಲೇಖನ ವಾಟ್ಸಾಪಿನಲ್ಲಿ ಸಿರುಗುಪ್ಪ ದಾಟಿ ಹಚ್ಚೊಳ್ಳಿಯವರೆಗೂ ಹೋಯಿತು. ಒಂದು ಸಂಘದವರು ಕರೆದು ಶಾಲು ಹೊದಿಸಿದರು. ಆ ಸಭೆಯಲ್ಲಿ ಮೂವರು ಭಾಷಣಕಾರರು ಬೆಂಚಿನ ವಿಷಯ ಎತ್ತಿದರು, ಮೂರು ಸಲವೂ ಸಭೆ ನಕ್ಕಿತು. ಜನ ನಗುತ್ತಿದ್ದದ್ದು ಆಚಾರ್ಯರನ್ನು ನೋಡಿ ಅಲ್ಲ. ಕೂರುವ ಕಲ್ಲನ್ನು ಶಿಲ್ಪವೆಂದು ನಂಬಿಸಲು ಹೊರಟ ಕುರುಗೋಡಿನ ಹುಡುಗನನ್ನು ನೆನೆದು.

ಅವನಿಗೆ 'ಬೆಂಚ್ ಜಂಬಣ್ಣ' ಎಂಬ ಹೆಸರು ಬಿತ್ತು. ಸಿರುಗುಪ್ಪದಲ್ಲಿ ಆಗಬೇಕಿದ್ದ ಎರಡನೆಯ ಪ್ರದರ್ಶನಕ್ಕೆ ಜಾಗ ಕೊಟ್ಟವರು ಮಾತು ಬದಲಿಸಿದರು. ಹೊಸ ಬಡಾವಣೆ ಮಾಡುತ್ತಿದ್ದ ಒಬ್ಬರು ಮಾತ್ರ ಅವನನ್ನು ಹುಡುಕಿಕೊಂಡು ಹೋಗಿ, ಪಾರ್ಕಿಗೆ ಅಂಥದೇ ಎಂಟು ಮಾಡಿಕೊಡಲು ಕೇಳಿದರಂತೆ, ಬೆನ್ನಿಗೆ ಆನಿಕೆ ಇರಬೇಕೆಂಬ ಷರತ್ತಿನ ಮೇಲೆ. ದೊಡ್ಡಬಸವರಾಜ ಸಿಮೆಂಟಿನ ಅವ್ವನನ್ನು ಮಾಡಿಸಿ, ಹಸಿರು ಸೀರೆಯ ಬಣ್ಣ ಬಳಿಸಿ ನಿಲ್ಲಿಸಿದ. ಮುಖ ಅವನ ಸೋದರತ್ತೆಯ ಹಾಗೆ ಬಂದಿತ್ತು. ತಾಯಿಗೂ ಆ ಅತ್ತೆಗೂ ಹನ್ನೆರಡು ವರ್ಷ ಮಾತಿರಲಿಲ್ಲ.

ಶಾಲು ಮಡಿಸಿಡುತ್ತ ಪದ್ಮಾಬಾಯಿ ಕೇಳಿದರು. "ಏನ್ರೀ, ಆ ಹುಡುಗ ನಿಮ್ಮ ಲೇಖನಕ್ಕ ಏನಂದ?"

"ಏನೂ ಅನ್ನಲಿಲ್ಲ."

"ಪತ್ರ ಗಿತ್ರ?"

"ಇಲ್ಲ."

ಪದ್ಮಾಬಾಯಿ ಶಾಲನ್ನು ಟ್ರಂಕಿನ ತಳಕ್ಕೆ ಹಾಕಿ, ಮೇಲೆ ಹಳೆಯ ಕಂಬಳಿ ಹೊದಿಸಿ ಮುಚ್ಚಳ ಹಾಕಿದರು.

ನವೆಂಬರಿನಲ್ಲಿ ಕಚೇರಿಯ ಕಾಗದವೊಂದನ್ನು ತಲುಪಿಸಲು ಆಚಾರ್ಯರು ಕುರುಗೋಡಿಗೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು. ಬಳ್ಳಾರಿ ಬಸ್ಸು ನಿಲ್ಲುವ ಕಡೆ ಬೇವಿನ ಮರದ ಕೆಳಗೆ ನಾಲ್ಕು ಜನ ಬೆಂಚಿನ ಮೇಲೆ ಕೂತಿದ್ದರು. ಬಸ್ಸು ಬಂದು ಅವರನ್ನು ಹತ್ತಿಸಿಕೊಂಡು, ಆಚಾರ್ಯರು ಓಡಿ ಬರುವಷ್ಟರಲ್ಲಿ ಹೊರಟು ಹೋಯಿತು. ಬೆಂಚು ಖಾಲಿಯಾಯಿತು. ಐದಡಿ ಉದ್ದ, ಒಂದೂವರೆ ಅಡಿ ಎತ್ತರ, ಬೂದು ಬಣ್ಣ. ಈ ಸಲ ಆಚಾರ್ಯರಿಗೆ ಪಟ್ಟಿ ಬೇಕಾಗಲಿಲ್ಲ.

ಅದರ ಪಕ್ಕದಲ್ಲಿ ನೆಲದ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು.

"ಕುಂದರ್ರಿ ಸ್ವಾಮಿ. ಮುಂದಿನ ಬಸ್ಸು ಇನ್ನಾ ತಡ ಐತಿ."

"ಇರಲಿ ಬಿಡ್ರಿ. ನೀವ್ಯಾಕ ನೆಲಕ್ಕ ಕೂತೀರಿ?"

"ಅದು ನಂದೇ ಜಾಗ. ಮೂವತ್ತು ವರ್ಷ ಕುಂತು ಸಾಕಾಗೈತಿ." ಮುದುಕಿ ನಕ್ಕಳು. ಅವಳಿಗೆ ಮಾತಾಡಲು ಜನ ಬೇಕಾಗಿತ್ತು. "ನಾನು ಈರಮ್ಮ ಅಂತ. ನನ್ನ ಮಗ ಕಡದಿದ್ದು ಇದು. ಒಂದಿನ ಹಸಿ ಮಣ್ಣು ಕಲಸಿ, ಅವ್ವಾ ಇದರ ಮ್ಯಾಲೆ ಕುಂದ್ರು ಅಂದ. ನನ್ನ ಕುಂಡಿ ಗುರ್ತು ತಗಂಡು ಏನ್ ಮಾಡ್ತೀಲೇ ಅಂದೆ. ಬಳ್ಳಾರ್ಯಾಗ ಇಡ್ತೀನಿ ಅಂದ. ನನಗ ನಾಚಿಕಿ ಆಗಿ ಎರಡು ದಿನ ಮಾತಾಡಲಿಲ್ಲ."

ಆಚಾರ್ಯರು ನಿಂತೇ ಇದ್ದರು. ನಿಂತಲ್ಲಿಂದಲೇ ಬೆರಳು ತೋರಿಸಿ ಕೇಳಿದರು. "ಈ ಸಣ್ಣ ಗುಂಡಿ ಏನ್ರಿ?"

"ಅದು ಅವಂದು. ಆರು ತಿಂಗಳ ಕೂಸು ಆವಾಗ. ಮನ್ಯಾಗ ಬಿಟ್ಟು ಬರಾಕ ಯಾರಿದ್ರು? ಪಕ್ಕದಾಗ ಹಳೇ ಸೀರಿ ಹಾಸಿ ಮಲಗಿಸ್ತಿದ್ದೆ. ಕಲ್ಲಿನ ಚೂರು ಸಿಡಿದು ಕಣ್ಣಿಗೆ ಬೀಳಬಾರದಂತ ಎಡಗೈ ಅಡ್ಡ ಹಿಡಿದು, ಬಲಗೈಲೆ ಒಡಿಯೋದು." ಅವಳು ಗುಂಡಿಯ ಮೇಲೆ ಅಂಗೈ ಹಿಡಿದು ತೋರಿಸಿದಳು. ಎಡಗೈಯ ತುಂಬ ಬಿಳಿ ಚುಕ್ಕೆ ಚುಕ್ಕೆ ಗಾಯದ ಕಲೆಗಳಿದ್ದವು. "ಇಲ್ಲಿ ನೋಡ್ರಿ, ಬಳ್ಳಾರ್ಯಾಗ ಯಾರೋ ಪುಣ್ಯಾತ್ಮರು ಎಣ್ಣಿ ತಿನಿಸು ಇಟ್ಟಾರ. ಕಲ್ಲು ಎಣ್ಣಿ ಕುಡದೈತಿ. ಸೀಗಿಪುಡಿ ಹಾಕಿ ತಿಕ್ಕಿದೆ, ಹೋಗವಲ್ದು."

ಗುಂಡಿಯ ತಳದಲ್ಲಿ ಕಪ್ಪಗೆ, ನಾಲ್ಕು ಮಿರ್ಚಿಯಷ್ಟು ದೊಡ್ಡ ಕಲೆ ಇತ್ತು.

"ಪೇಪರ್ನಾಗ ಯಾರೋ ದೊಡ್ಡೋರು ಬರದ್ರಂತ, ಇದು ಬೆಂಚು ಅಂತ. ನನಗ ಓದಾಕ ಬರಂಗಿಲ್ಲ. ಇವ ಏನೂ ಹೇಳಲಿಲ್ಲ. ಟ್ರ್ಯಾಕ್ಟರಿನಾಗ ತಂದು ಇಲ್ಲಿ ಇಳಿಸಿ, ಬೆಂಚು ಅಂದಮ್ಯಾಲೆ ಜನ ಕುಂದರಲಿ ಅಂದ. ಉಳಿ ಸುತ್ತಿಗಿ ಮ್ಯಾಲೆ ಅಟ್ಟಕ್ಕ ಹಾಕ್ಯಾನ. ಈಗ ಸಿರುಗುಪ್ಪದಾಗ ಅಡಿಗಿಮನಿ ಕಟ್ಟಿ ಮ್ಯಾಲೆ ಗ್ರಾನೈಟ್ ಕೂಡಸ್ತಾನ." ಈರಮ್ಮ ಕಣ್ಣು ಕಿರಿದು ಮಾಡಿ ಆಚಾರ್ಯರನ್ನು ನೋಡಿದಳು. "ನೀವು ಓದಿದೋರು ಕಾಣ್ತೀರಿ. ಬಳ್ಳಾರ್ಯಾಗ ಇಟ್ಟಾಗ ನೀವು ಇದನ್ನ ನೋಡಿದ್ರೇನು?"

"ಇಲ್ಲ," ಎಂದರು ಆಚಾರ್ಯರು.

ಒಂದು ರೀತಿಯಲ್ಲಿ ಅದು ಸುಳ್ಳಲ್ಲ. ಆದರೆ ಅವರು ಹೇಳಿದ್ದು ಆ ರೀತಿಯಲ್ಲಿ ಅಲ್ಲ. ಬಸ್ಸು ಬರುವವರೆಗೂ ಬಿಸಿಲಲ್ಲಿ ನಿಂತಿದ್ದರು.

ಮನೆಗೆ ಬಂದವರೇ ಬರೆಯಲು ಕೂತರು. ನೋಟುಬುಕ್ಕಿನ ಒಂದು ಪದವನ್ನೂ ಮುಟ್ಟಲಿಲ್ಲ. ತಾವು ಕೂತದ್ದು, ಚೀಲವನ್ನು ಹೆಸರಿನ ಮೇಲೆ ಇಟ್ಟದ್ದು, ಕೂಸಿನ ಜಾಗದಲ್ಲಿ ಮಿರ್ಚಿ ಇಟ್ಟು ತಿಂದದ್ದು, ಜನ ನಕ್ಕಾರೆಂದು ಹೆದರಿ ಬೆಂಚು ಎಂದದ್ದು, ತಾಯಿಯ ಮುಂದೆ ನಿಂತು ಇಲ್ಲ ಎಂದದ್ದು, ಎಲ್ಲವನ್ನೂ ಇದ್ದಂತೆ ಬರೆದರು. ಕೊನೆಗೆ, ಜಂಬುನಾಥರಲ್ಲಿ ಮತ್ತು ಈರಮ್ಮನವರಲ್ಲಿ ಕ್ಷಮೆ ಬೇಡುತ್ತೇನೆ ಎಂದು ಬರೆದು ರುಜು ಹಾಕಿದರು. ಪದ್ಮಾಬಾಯಿ ಓದಿದರು. ಮಿರ್ಚಿಯ ವಿಷಯ ಅವರಿಗೆ ಗೊತ್ತಾದದ್ದು ಆಗಲೇ. ಅದರ ಬಗ್ಗೆ ಏನೂ ಅನ್ನದೆ, "ಇದನ್ನ ಕೊಟ್ಟು ಬರ್ರಿ," ಎಂದಷ್ಟೇ ಹೇಳಿದರು.

ಗವಿಸಿದ್ದೇಶ್ ಮೊದಲ ಪುಟ ಓದುವಾಗಲೇ ಕಣ್ಣೊರೆಸಿಕೊಂಡ. ಆಚಾರ್ಯರಿಗೆ ಸಮಾಧಾನವಾಯಿತು. ಆಮೇಲೆ ನೋಡಿದರೆ ಅದು ನಗುವಿನ ನೀರು.

"ಆಚಾರ್ರೇ, ಇಷ್ಟು ದಿನ ಈ ವಿದ್ಯಾ ಎಲ್ಲಿ ಮುಚ್ಚಿಟ್ಟಿದ್ರಿ?"

"ಇದು ನಗೋದಲ್ರೀ. ನಡದದ್ದು."

"ಅದಕ್ಕ ಇಷ್ಟು ಚೊಲೊ ಬಂದೈತಿ."

ಭಾನುವಾರ ಅದು ನಗೆಪುಟದಲ್ಲಿ ಬಂತು. ತಲೆಬರಹ 'ಆಚಾರ್ಯರು ಕೂತರು, ಮಿರ್ಚಿ ತಿಂದರು'. ಪಕ್ಕದಲ್ಲಿ ಹೊಟ್ಟೆ ದಪ್ಪ ಮಾಡಿ ಬರೆದ ಚಿತ್ರ. ಕ್ಷಮೆ ಬೇಡಿದ ಸಾಲು ಜಾಗ ಸಾಲದೆ ಬಿಟ್ಟುಹೋಗಿತ್ತು. ಸೋಮವಾರ ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಎದುರು ಮನೆಯವರು ಗೇಟಿನಲ್ಲೇ ತಡೆದು ಕೈಕುಲುಕಿದರು. ಸಿರುಗುಪ್ಪದಿಂದ ದೊಡ್ಡಬಸವರಾಜನ ಫೋನು ಬಂತು.

"ಸಾರ್, ಗಿರಣ್ಯಾಗ ಎಲ್ಲಾರನೂ ಕುಂದರಿಸಿ ಓದಿಸಿದೆ. ಕೂಸಿನ ಗುಂಡ್ಯಾಗ ಮಿರ್ಚಿ, ಎಲ್ಲಿಂದ ತರ್ತೀರಿ ಸಾರ್ ಇಂಥಾ ಕಲ್ಪನಾ?"

"ಬಸವರಾಜ್, ಅದು ಖರೇ."

"ಹಂಗ ಅನ್ಕೋತ ಹೇಳ್ತೀರಲ್ಲ, ಅದಕ್ಕ ಇನ್ನಾ ನಗಿ ಬರ್ತೈತಿ," ಎಂದು ಅವನು ಇನ್ನಷ್ಟು ನಕ್ಕ.

ಎರಡು ದಿನ ಬಿಟ್ಟು ಆಚಾರ್ಯರು ಸಿರುಗುಪ್ಪದ ಬಸ್ಸು ಹತ್ತಿದರು. ಗ್ರಾನೈಟ್ ಅಂಗಡಿಗಳಲ್ಲಿ ಕೇಳಿಕೊಂಡು, ಕಾಲುವೆಯ ಆಚೆ ಕಟ್ಟುತ್ತಿದ್ದ ಮನೆಯೊಂದನ್ನು ಹುಡುಕಿ ಹೋದರು. ಜಂಬುನಾಥ ಅಡುಗೆಮನೆಯಲ್ಲಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ, ಹುಬ್ಬಿನವರೆಗೆ ಪುಡಿ. ಕರಿಯ ಕಲ್ಲಿನ ಉದ್ದನೆಯ ಹಾಸು ಒಂದು ತುದಿ ಅಡುಗೆಕಟ್ಟೆಯ ಮೋಟುಗೋಡೆಯ ಮೇಲೆ, ಇನ್ನೊಂದು ತುದಿ ಅವನ ಭುಜದ ಮೇಲೆ ಇತ್ತು.

ಆಚಾರ್ಯರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಲು ಹೊಸ್ತಿಲವರೆಗೆ ಬಂದರು.

"ಸರ್, ಜೊತಿಗೆ ಕೆಲಸ ಮಾಡಾವ ಇವತ್ತು ಬಂದಿಲ್ಲ," ಎಂದ ಜಂಬುನಾಥ, ನಿನ್ನೆಯಷ್ಟೇ ಭೇಟಿಯಾದವನ ಹಾಗೆ. "ಈ ತುದಿ ಹಿಡೀತೀರೇನ್ರಿ?"

ಆಚಾರ್ಯರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಿಡಿದರು. ಕಲ್ಲು ತಣ್ಣಗಿತ್ತು, ಅವರು ಎಣಿಸಿದ್ದಕ್ಕಿಂತ ಬಹಳ ಭಾರವಿತ್ತು. ಜಂಬುನಾಥ ಗೋಡೆಯ ಮೇಲೆ ಸಿಮೆಂಟು ಹಾಕತೊಡಗಿದ.

"ಜಂಬುನಾಥರೇ, ನಾನು ಬರದದ್ದು..."

"ಓದಿದೆ ಸರ್."

"ಎಲ್ಲಾರೂ ನಕ್ಕರು."

"ನಾ ನಗಲಿಲ್ರಿ." ಅವನು ಕರಣೆಯಿಂದ ಸಿಮೆಂಟು ಸಮ ಮಾಡಿದ. "ಅವ್ವಗೂ ಓದಿ ಹೇಳಿದೆ. ಅಕಿ, ಅಯ್ಯೋ, ಆ ಸ್ವಾಮಿ ಬಿಸಿಲಾಗ ನಿಂತಿದ್ದ, ನೀರಾರ ಕೊಡಬೇಕಿತ್ತು ಅಂದ್ಳು."

ಆಚಾರ್ಯರ ಹಿಡಿತ ಜಾರಿ ಹಾಸು ಅಲುಗಿತು. ಜಂಬುನಾಥ ಕೆಳಗಿನಿಂದ ಅಂಗೈ ಕೊಟ್ಟು ನಿಲ್ಲಿಸಿದ.

"ಒಂದು ಕೇಳ್ಲೇನ್ರಿ ಸರ್? ಮೊದಲನೇ ದಿನ ನೀವು ಕುಂತಾಗ, ಬರೆಯಾಕ ಶುರು ಮಾಡೂ ಮುಂಚೆ, ಹೆಂಗನ್ಸಿತು?"

ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ. ಕಲ್ಲಿನ ಭಾರ ಹೊತ್ತುಕೊಂಡೇ ನೆನಪು ಮಾಡಿಕೊಂಡರು.

"ಯಾರೋ ಈಗಷ್ಟೇ ಎದ್ದು ಹೋಗ್ಯಾರ ಅನ್ನಿಸ್ತು," ಎಂದರು. "ಅವರ ಜಾಗದಾಗ ಕೂತೀನಿ, ಬಂದ್ರ ಎದ್ದು ಬಿಟ್ಟುಕೊಡೋಣಂತ ಬಾಗಿಲ ಕಡೆ ನೋಡ್ತಾ ನೋಡ್ತಾ ತಿಂದೆ."

ಜಂಬುನಾಥನ ಕೈ ನಿಂತಿತು. ಮೂಗಿನ ಬಟ್ಟೆ ಕೆಳಗೆ ಎಳೆದುಕೊಂಡು ಅವರನ್ನು ನೋಡಿದ.

"ಅಷ್ಟು ಬರದಿದ್ರ ಸಾಕಿತ್ತಲ್ಲ ಸರ್."

ಹೊರಗೆ ಕಾಲುವೆಯ ಕಡೆಯಿಂದ ಭತ್ತದ ಟ್ರ್ಯಾಕ್ಟರೊಂದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಆಚಾರ್ಯರು ಮೆಲ್ಲಗೆ ಕೇಳಿದರು.

"ಮತ್ತ ಕಡೀತೀರಾ?"

"ತುದಿ ಒಂದಿಷ್ಟು ಮ್ಯಾಲೆ ಎತ್ತರಿ. ಹಾಂ. ಈಗ ನಿಧಾನಕ್ಕ ಇಳಸ್ರಿ."

ಹಾಸು ಗೋಡೆಯ ಮೇಲೆ ಕೂತಿತು. ಜಂಬುನಾಥ ಮಟ್ಟ ನೋಡಿ, ಬೆರಳ ಗಿಣ್ಣಿನಿಂದ ಎರಡು ಕಡೆ ತಟ್ಟಿ ಕೇಳಿ, ಇನ್ನೊಂದು ತುಂಡು ಕೊಯ್ಯಲು ಅಂಗಳಕ್ಕೆ ಹೋದ. ಕೊಯ್ಯುವ ಯಂತ್ರ ಸದ್ದು ಮಾಡತೊಡಗಿತು. ಆಚಾರ್ಯರು ಕಲ್ಲಿನ ತುದಿಯನ್ನು ಎರಡು ಕೈಯಿಂದ ಹಿಡಿದುಕೊಂಡೇ ನಿಂತಿದ್ದರು. ಹಿಡಿಯುವ ಅಗತ್ಯ ಮುಗಿದು ಬಹಳ ಹೊತ್ತಾಗಿತ್ತು. ಬಿಡಿ ಎಂದು ಯಾರೂ ಹೇಳಲಿಲ್ಲ, ಅವರೂ ಬಿಡಲಿಲ್ಲ.